ಮಾವ, ವಿಧಾನಸೌಧ ಮತ್ತು ಎಂಟು ತೆಂಗಿನಕಾಯಿ

ದಿನಾ ವಿಧಾನಸೌಧದ ಮುಂದೆ ಬಸ್ಸಿನಲ್ಲಿ ಹಾದುಹೋಗುವವನು ವಿಧಾನಸೌಧ ನೋಡಿದ್ದಾನೆ ಅಂತ ಲೆಕ್ಕವೋ ಅಲ್ಲವೋ? ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಈ ಪ್ರಶ್ನೆ ನನ್ನನ್ನು ಕಾಡಿರಲಿಲ್ಲ. ಕಾಡಿದ್ದು ತುರುವೇಕೆರೆಯಿಂದ ಸೋದರಮಾವನ ಫೋನ್ ಬಂದಾಗ.

“ಲೋ, ವಿಧಾನಸೌಧದ ಒಳಕ್ಕೆ ಈಗ ನಮ್ಮಂತೋರ್ನೂ ಬಿಡ್ತಾರಂತೆ. ಐವತ್ತು ರೂಪಾಯಂತೆ. ಪೇಪರ್‌ನಾಗೆ ಬಂದಿತ್ತು. ನೀನು ನೋಡಿರ್ಬೇಕಲ್ಲ?”

“ಏನ್ ಮಾವ ಹೀಗೆ ಕೇಳ್ತೀರಾ, ದಿನಾ ನೋಡ್ತೀನಿ.”

“ಹಂಗಾರೆ ಸರಿ. ಈ ಭಾನುವಾರ ಬತ್ತೀನಿ. ನೀನೇ ಎಲ್ಲಾ ತೋರ್ಸು.”

ನಾನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಹೆಂಡತಿ ನನ್ನನ್ನು ನೋಡಿದ ರೀತಿ ಹಾಗಿರಲಿಲ್ಲ.

ಮಾವ ಹೇಳಿದ್ದು ನಿಜವೇ. 2025ರ ಜೂನ್‌ನಿಂದ ಭಾನುವಾರಗಳಲ್ಲಿ, ಎರಡನೇ ಮತ್ತು ನಾಲ್ಕನೇ ಶನಿವಾರಗಳಲ್ಲಿ ಜನರನ್ನು ಗುಂಪು ಮಾಡಿ ಗೈಡ್ ಜೊತೆ ಒಳಗೆ ಸುತ್ತಾಡಿಸುವ ವ್ಯವಸ್ಥೆ ಶುರುವಾಗಿದೆ. ನಾನೂ ಆ ಸುದ್ದಿ ಓದಿದ್ದೆ, ‘ಒಂದಿನ ಹೋಗಬೇಕು’ ಅಂತಲೂ ಅಂದುಕೊಂಡಿದ್ದೆ. ಬೆಂಗಳೂರಿನವರು ‘ಒಂದಿನ’ ಅಂದರೆ ಅದು ಯಾವ ಪಂಚಾಂಗದಲ್ಲೂ ಸಿಗದ ದಿನ.

ಮಾವನಿಗೆ ಎಪ್ಪತ್ತನಾಲ್ಕು ವರ್ಷ. ಅವರಿಗೆ ಶಾಸಕರು ಕೂರುವ ಜಾಗ, ಗುಮ್ಮಟ, ಮೆಟ್ಟಿಲು ಇವು ಯಾವುದರ ಮೇಲೂ ಅಂಥ ಆಸೆ ಇರಲಿಲ್ಲ. ಅವರು ನೋಡಬೇಕಾಗಿದ್ದದ್ದು ಒಂದು ಕಲ್ಲು. ವಿಧಾನಸೌಧದ ಅಲಂಕಾರಕ್ಕೆ ಮಾಗಡಿಯ ಗುಲಾಬಿ ಬಣ್ಣದ ಕಲ್ಲು, ತುರುವೇಕೆರೆಯ ಕಪ್ಪು-ಹಸಿರು ಕಲ್ಲು ಬಳಸಿದ್ದಾರೆ. ಆ ಕಾಲದಲ್ಲಿ ಮಾವನ ಅಪ್ಪ, ಅಂದರೆ ನಮ್ಮ ತಾತ, ಊರಿನಿಂದ ಬಾಣಸಂದ್ರದ ರೈಲ್ವೆ ಸ್ಟೇಷನ್ನಿಗೆ ಕಲ್ಲಿನ ಗಾಡಿ ಹೊಡೆದಿದ್ದರು ಅನ್ನುವುದು ಮನೆತನದ ನಂಬಿಕೆ. ನಮ್ಮ ಮನೆಯಲ್ಲಿ ಯಾರಾದರೂ ಸರ್ಕಾರವನ್ನು ಬೈದರೆ ಅಜ್ಜಿ ಹೇಳುತ್ತಿದ್ದರು: “ಸುಮ್ನಿರ್ರಲೇ, ಆ ಮನೆಗೆ ನಿಮ್ ತಾತ ಕಲ್ಲು ಹೊತ್ತವ್ನೆ.” ಗೃಹಪ್ರವೇಶಕ್ಕೆ ಕರೆಯಲಿಲ್ಲ ಅನ್ನುವ ಸಣ್ಣ ಬೇಸರವೂ ಆ ದನಿಯಲ್ಲಿ ಇರುತ್ತಿತ್ತು.

ಭಾನುವಾರದ ಗುಂಪಿಗೆ ಇಬ್ಬರ ಹೆಸರನ್ನೂ ಆನ್‌ಲೈನ್‌ನಲ್ಲಿ ಬುಕ್ ಮಾಡಿಸಿದೆ. ಹಿಂದಿನ ರಾತ್ರಿ ಕೂತು ವಿಧಾನಸೌಧದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು, 1956ಕ್ಕೆ ಕಟ್ಟಡ ಪೂರ್ಣ, ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ, ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇಷ್ಟು ಓದಿದ್ದರೆ ಇವತ್ತು ಬಸ್ಸಿನ ಕಿಟಕಿಯಿಂದಲ್ಲ, ಕಾರಿನ ಕಿಟಕಿಯಿಂದ ವಿಧಾನಸೌಧ ನೋಡುತ್ತಿದ್ದೆ.

ಶನಿವಾರ ರಾತ್ರಿಯೇ ಬಂದಿಳಿದ ಮಾವ ಎರಡು ಚೀಲ ತಂದಿದ್ದರು. ಒಂದು ನಮಗೆ: ಕೊಬ್ಬರಿ, ಹುರುಳಿಕಾಳು, ಒಂದು ಡಬ್ಬಿ ತುಪ್ಪ. ಇನ್ನೊಂದರಲ್ಲಿ ಜುಟ್ಟು ಬಿಟ್ಟು ಸುಲಿದ ಎಂಟು ತೆಂಗಿನಕಾಯಿ. ಅದು ನಗರ್ತಪೇಟೆಯಲ್ಲಿರುವ ಅವರ ಹಳೇ ಸ್ನೇಹಿತರಿಗೆ. “ವಿಧಾನಸೌಧ ನೋಡ್ಕಂಡು ಹಂಗೇ ನಡ್ಕಂಡು ಹೋಗಿ ಕೊಟ್ಬುಡಾನ. ಎಷ್ಟು ದೂರ ಆದಾತು?” ಅಂದರು. ಎಂಟು ತೆಂಗಿನಕಾಯಿ ಅಂದರೆ ಐದು ಕಿಲೋ ದಾಟುತ್ತದೆ. ಈ ಅಂಕಿಯನ್ನು ನಾನು ಓದಿ ತಿಳಿದದ್ದಲ್ಲ.

ಬೆಳಗ್ಗೆ ಬಸ್ಸಿಳಿದು ನಾನು ಮಾವನನ್ನು ನೇರವಾಗಿ ತಪ್ಪು ಗೇಟಿಗೆ ಕರೆದುಕೊಂಡು ಹೋದೆ. ಅಲ್ಲಿದ್ದವರು ಕೈ ತೋರಿಸಿ ಆ ಕಡೆಯ ಗೇಟು ಅಂದರು. ಕಟ್ಟಡ 700 ಅಡಿ ಉದ್ದ, 350 ಅಡಿ ಅಗಲ ಅಂತ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದೆ. ಅದರ ಸುತ್ತ ಅಂಗಳ, ಅಂಗಳದ ಸುತ್ತ ಕಬ್ಬಿಣದ ಬೇಲಿ, ಬೇಲಿಯ ಸುತ್ತ ನಾವು. ಕೈಯಲ್ಲಿ ಕಾಯಿ ಚೀಲ, ಬಲಕ್ಕೆ ಕಟ್ಟಡ. ಎದುರಿಗೆ ಬಂದ ಒಬ್ಬ ಅಜ್ಜಿ ನಮ್ಮನ್ನು ನೋಡಿ ಯಾವುದೋ ಹರಕೆ ಇರಬೇಕು ಅಂದುಕೊಂಡರೋ ಏನೋ, ದಾರಿ ಬಿಟ್ಟು ನಿಂತರು.

“ದಿನಾ ನೋಡ್ತೀನಿ ಅಂದಲ್ಲ?” ಅಂದರು ಮಾವ.

“ಬಸ್ಸು ಈ ಕಡೆ ಬರಲ್ಲ ಮಾವ.”

ಸರಿಯಾದ ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರು. ಇದಕ್ಕೆ ನಾನು ಸಿದ್ಧನಾಗಿದ್ದೆ. ಬೆಳಗ್ಗೆ ಬೀರುವಿನಿಂದ ಎತ್ತಿಟ್ಟುಕೊಂಡಿದ್ದ ಆಧಾರ್ ಕಾರ್ಡನ್ನು ಜೇಬಿನಿಂದ ತೆಗೆದು ಗತ್ತಿನಿಂದ ಕೊಟ್ಟೆ. ಅವರು ಕಾರ್ಡು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಕಾರ್ಡು ನೋಡಿದರು.

“ಸಾರ್, ಇದರಲ್ಲಿ ಹಣೆಗೆ ಕುಂಕುಮ ಇದೆ.”

ಹೆಂಡತಿಯ ಆಧಾರ್. ಎಷ್ಟೋ ವರ್ಷದ ಹಿಂದೆ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು ಮಾಡಿಸಿದ ಕಾರ್ಡಿರಬಹುದು, ಆದರೂ ಎತ್ತುವಾಗ ಒಮ್ಮೆ ತಿರುಗಿಸಿ ನೋಡಬಾರದಿತ್ತೇ? ಹಿಂದಿದ್ದ ಹುಡುಗ “ಅಂಕಲ್, ಮೊಬೈಲಲ್ಲಿ ಇರುತ್ತಲ್ಲ, ತೋರಿಸಿ” ಅಂದ. ತೆಗೆಯಲು ಹೋದೆ. ಓಟಿಪಿ ಬರುತ್ತದೆ ಅಂತ ಅದು ಹೇಳಿತು, ಓಟಿಪಿ ಹೋಯಿತು ಕೂಡ, ನಾನು ಮೂರು ವರ್ಷದ ಹಿಂದೆ ಬಿಟ್ಟುಬಿಟ್ಟ ಹಳೇ ನಂಬರಿಗೆ. ಈ ಹೊತ್ತಿಗೆ ಆ ನಂಬರು ಯಾರ ಬಳಿ ಇದೆಯೋ, ಆ ಪುಣ್ಯಾತ್ಮ ನನ್ನ ಓಟಿಪಿ ನೋಡಿ ಭಾನುವಾರ ಬೆಳಗ್ಗೆಯೇ ವಂಚಕರ ಕಾಟ ಅಂತ ಬೈದುಕೊಂಡಿರುತ್ತಾನೆ.

ಅತ್ತ ಮಾವ ತಮ್ಮ ಪ್ಲಾಸ್ಟಿಕ್ ಕವರು ಬಿಚ್ಚಿದ್ದರು. ಯಾವುದೋ ಮದುವೆ ಸೀರೆಯ ಜೊತೆ ಬಂದ ಕವರು, ನಾಲ್ಕು ಮಡಿಕೆ ಮಡಿಚಿ ರಬ್ಬರ್‌ಬ್ಯಾಂಡ್ ಹಾಕಿದ್ದು. ಅದರಿಂದ ಆಧಾರ್ ಬಂತು, ವೋಟರ್ ಐಡಿ ಬಂತು, ರೇಷನ್ ಕಾರ್ಡಿನ ಜೆರಾಕ್ಸ್, ಪಾಸ್‌ಪೋರ್ಟ್ ಸೈಜಿನ ಎರಡು ಫೋಟೋ, ಕೊನೆಗೆ ಪಹಣಿ.

“ಪಹಣಿ ಬೇಡ ಯಜಮಾನ್ರೇ” ಅಂದರು ಅವರು ನಗುತ್ತಾ.

“ಇರ್ಲಿ ಸಾಮಿ. ಸರ್ಕಾರದ ಬಾಗ್ಲಿಗೆ ಪಹಣಿ ಇಲ್ದೆ ಹೋದ್ರೆ ನಾಳೆ ಬಾ ಅಂತಾರೆ.”

ನನ್ನ ವಿಷಯದಲ್ಲಿ ಅವರೇನೂ ಒರಟಾಗಿ ಮಾತಾಡಲಿಲ್ಲ. ನನ್ನ ಹೆಸರೂ, ಕಾರ್ಡಿನಲ್ಲಿದ್ದ ಹೆಸರೂ ಹೊಂದದ ಮೇಲೆ ಅವರಾದರೂ ಏನು ಮಾಡಬೇಕು? ಮಾವ ಹೆಗಲ ಟವೆಲ್ಲು ಸರಿ ಮಾಡಿಕೊಂಡು, ಕಾಯಿ ಚೀಲವನ್ನು ನನ್ನ ಕೈಗೆ ದಾಟಿಸಿ, “ನೀನು ದಿನಾ ನೋಡ್ತೀಯಲ್ಲ, ಇವತ್ತೊಂದಿನ ಬಿಡು” ಅಂದು ಒಳಗೆ ಹೊರಟರು. ಗೈಡಿನ ಪಕ್ಕದಲ್ಲೇ ಜಾಗ ಹಿಡಿದಿದ್ದು ದೂರದಿಂದ ಕಾಣಿಸಿತು. ಬಾಯಿಪಾಠ ಮಾಡಿದ್ದವನು ಗೇಟಿನ ಹೊರಗೆ ನಿಂತೆ.

ಒಂದೂವರೆ ಗಂಟೆ ಕಳೆಯಬೇಕು. ಬಿಸಿಲಿಗೆ ಒಂದು ಮರದ ನೆರಳು ಹಿಡಿದು ಚೀಲ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸಿನವರು ಬಂದರು.

“ಏನ್ರೀ ಚೀಲದಲ್ಲಿ?”

“ತೆಂಗಿನಕಾಯಿ ಸಾರ್.”

“ಎಷ್ಟು?”

“ಎಂಟು.”

ಅವರು ಒಮ್ಮೆ ವಿಧಾನಸೌಧ ನೋಡಿದರು, ಒಮ್ಮೆ ನನ್ನ ಚೀಲ ನೋಡಿದರು. “ಈಡುಗಾಯಿ ಒಡೆಯೋ ಪ್ರತಿಭಟನೆ ಏನಾದ್ರೂ ಇದೆಯಾ? ಇದ್ರೆ ಇಲ್ಲಿ ಆಗಲ್ಲ, ಫ್ರೀಡಂ ಪಾರ್ಕಿಗೆ ಹೋಗಬೇಕು.”

“ಇಲ್ಲ ಸಾರ್, ಇವು ಸ್ನೇಹಿತರಿಗೆ ಕೊಡೋಕೆ.”

“ಸ್ನೇಹಿತರು ಒಳಗಿದ್ದಾರಾ?”

“ಒಳಗಿರೋದು ಮಾವ. ಸ್ನೇಹಿತರು ನಗರ್ತಪೇಟೆಯಲ್ಲಿದ್ದಾರೆ. ಅವರು ನನ್ನ ಸ್ನೇಹಿತರಲ್ಲ, ಮಾವನ ಸ್ನೇಹಿತರು.”

ಪೊಲೀಸಿನವರು ಇದನ್ನು ಪೂರ್ತಿ ನಂಬಿದಂತೆ ಕಾಣಲಿಲ್ಲ, ಆದರೆ ಇಷ್ಟು ಸೊಟ್ಟ ಸುಳ್ಳನ್ನು ಯಾರೂ ಹೇಳುವುದಿಲ್ಲ ಅನ್ನಿಸಿರಬೇಕು. “ಆ ಕಡೆ ಪಾರ್ಕಿನಲ್ಲಿ ಕೂತ್ಕೊಳ್ಳಿ” ಅಂದರು.

ರಸ್ತೆ ದಾಟಿದೆ. ಎದುರಿಗೇ ಹೈಕೋರ್ಟು, ಅಂದರೆ ಅಠಾರಾ ಕಚೇರಿ. ಹದಿನೆಂಟು ಇಲಾಖೆಗಳು ಕೂತಿದ್ದ ಕೆಂಪು ಕಟ್ಟಡ. 1868ರಲ್ಲಿ ಇದು ಮುಗಿಯುವವರೆಗೆ ಆ ಕಚೇರಿಗಳೆಲ್ಲ ಕೋಟೆಯ ಹತ್ತಿರ ಟಿಪ್ಪುವಿನ ಅರಮನೆಯಲ್ಲಿದ್ದವು. ಗ್ರೀಕರ ಗುಡಿಯ ಹಾಗೆ ಎತ್ತರದ ಕಂಬಗಳು, ಮೇಲೆ ತ್ರಿಕೋನ. ಕೆಂಗಲ್ ಅವರು ವಿದೇಶದಿಂದ ಬಂದ ಒಂದು ನಿಯೋಗಕ್ಕೆ ಊರು ತೋರಿಸುವಾಗ, ‘ಎಲ್ಲಾ ಯುರೋಪಿನ ಕಟ್ಟಡಗಳೇ ಇವೆಯಲ್ಲ, ನಿಮ್ಮದು ಅಂತ ಯಾವುದೂ ಇಲ್ಲವೇ’ ಅಂತ ಅವರು ಕೇಳಿದರಂತೆ. ಆ ಮಾತು ಕೆಂಗಲ್ ಅವರಿಗೆ ಚುಚ್ಚಿ, ಸಾದಾ ಕಟ್ಟಡವಾಗಬೇಕಿದ್ದದ್ದು ಗೋಪುರ, ಗುಮ್ಮಟ, ಕೆತ್ತನೆಗಳ ವಿಧಾನಸೌಧವಾಯಿತು ಅನ್ನುತ್ತಾರೆ. ಈಗ ಎರಡೂ ಎದುರುಬದುರು ನಿಂತಿವೆ, ಒಂದೇ ಬೀದಿಯ ಎರಡು ಮನೆಯವರು ಮದುವೆಗೆ ಪೈಪೋಟಿಯಲ್ಲಿ ಸುಣ್ಣ ಬಣ್ಣ ಬಳಿದ ಹಾಗೆ. ನನ್ನನ್ನು ಕೇಳಿದರೆ ಕೆಂಪು ಕಟ್ಟಡವೇ ಹೆಚ್ಚು ಚೆಂದ. ಇದನ್ನು ಮಾವನ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಅಲ್ಲಿಂದ ಕಬ್ಬನ್ ಪಾರ್ಕು. ಭಾನುವಾರ ಒಳಗೆ ವಾಹನ ಬಿಡುವುದಿಲ್ಲವಾದ್ದರಿಂದ ಅರ್ಧ ಬೆಂಗಳೂರು ನಾಯಿ ಹಿಡಿದುಕೊಂಡು ಅಲ್ಲಿತ್ತು. ಕುದುರೆ ಮೇಲೆ ಕೂತ ಮಾರ್ಕ್ ಕಬ್ಬನ್ ಪ್ರತಿಮೆ ಸಿಕ್ಕಿತು. ಎಷ್ಟೋ ಕಾಲ ಹೈಕೋರ್ಟಿನ ಅಂಗಳದಲ್ಲಿದ್ದ ಈ ಮಹಾಶಯನನ್ನು 2020ರಲ್ಲಿ ಎತ್ತಿ ಪಾರ್ಕಿನೊಳಗೆ ತಂದು ನಿಲ್ಲಿಸಿದರು. ನಾನು ಅವನನ್ನು ನೋಡಿದೆ. ಅವನಿಗೆ ಕುದುರೆಯಾದರೂ ಇತ್ತು.

ಬೆಂಚಿನ ಮೇಲೆ ಚೀಲ ಇಟ್ಟು ಕೂತೆ. ಕರುವಿನ ಗಾತ್ರದ ನಾಯಿಯೊಂದು ಬಂದು ಚೀಲ ಮೂಸಿ, ಮೂತಿಯಿಂದ ತಳ್ಳಿತು. ಕಾಯಿಯೊಂದು ಉರುಳಿ ಕೆಳಗೆ ಬಿತ್ತು. ನಾಯಿಗೆ ಅದು ಚೆಂಡು. ಬಾಯಲ್ಲಿ ಹಿಡಿಯಲು ಜುಟ್ಟು ಬೇರೆ ಇತ್ತು, ಹೇಳಿ ಮಾಡಿಸಿದ ಹಾಗೆ. ಕಚ್ಚಿಕೊಂಡು ಓಡಿತು. ಅದರ ಹಿಂದೆ ಯಜಮಾನಿ, ಅವರ ಹಿಂದೆ ನಾನು. ನಾಲ್ಕು ಸುತ್ತು ಓಡಿಸಿದ ಮೇಲೆ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಹತ್ತಿರ ನಾಯಿ ತಾನಾಗಿ ಕಾಯಿ ಕೆಳಗಿಟ್ಟು ಬಾಲ ಅಲ್ಲಾಡಿಸಿತು, ಮತ್ತೆ ಎಸೆ ಅನ್ನುವ ಹಾಗೆ. ಯಜಮಾನಿ ನೂರು ಸಲ ಸಾರಿ ಹೇಳಿದರು. ಕಾಯಿಯನ್ನು ಪಂಚೆಗೆ ಒರೆಸಿ ಚೀಲಕ್ಕೆ ಹಾಕಿದೆ. ಹೌದು, ಮಾವನ ಒತ್ತಾಯಕ್ಕೆ ನಾನೂ ಪಂಚೆ ಉಟ್ಟಿದ್ದೆ. ಪಂಚೆಯಲ್ಲಿ ಓಡುವುದು ಒಂದು ವಿದ್ಯೆ, ಅದು ನನ್ನ ಕೈಬಿಟ್ಟು ಬಹಳ ವರ್ಷವಾಗಿದೆ.

ಗೇಟಿನ ಹತ್ತಿರ ವಾಪಸು ಬಂದಾಗ ಮಾವ ಆಗಲೇ ಹೊರಗೆ ಬಂದು ಅದೇ ಪೊಲೀಸಿನವರ ಜೊತೆ ಮಾತಾಡುತ್ತಾ ನಿಂತಿದ್ದರು. ಅವರ ಊರು ಚಿಕ್ಕನಾಯಕನಹಳ್ಳಿ ಕಡೆಯದಂತೆ. ಅಷ್ಟರಲ್ಲಿ ಕೊಬ್ಬರಿ ರೇಟು, ನುಸಿ ರೋಗ, ಹೇಮಾವತಿ ನಾಲೆ ನೀರು ಎಲ್ಲ ಮುಗಿದು ಸಂಬಂಧ ಹುಡುಕುವ ಹಂತಕ್ಕೆ ಬಂದಿದ್ದರು. ನನಗೆ ಫ್ರೀಡಂ ಪಾರ್ಕು ತೋರಿಸಿದ್ದವರು ಮಾವನಿಗೆ ತಮ್ಮ ನೀರಿನ ಬಾಟಲಿ ಕೊಟ್ಟಿದ್ದರು.

“ಎಲ್ಲೋಗಿದ್ಲಾ? ಒಂದು ಕಡೆ ಕೂರಕ್ಕಾಗಲ್ವಾ?” ಅಂದ ಮಾವ, ಚೀಲದ ಪಕ್ಕದ ಸಣ್ಣ ಜೇಬಿಗೆ ಕೈ ಹಾಕಿ ಎಲೆಅಡಿಕೆ ತೆಗೆದರು. ಎಲೆಅಡಿಕೆ ಜೊತೆ ಒಂದು ಕಾರ್ಡೂ ಬಂತು. “ತಗಾ, ಮರ್ತಿದ್ದೆ. ಬೆಳಗ್ಗೆ ನಿಮ್ ಟೀವಿ ಮೇಜಿನ ಮೇಲೆ ಬಿದ್ದಿತ್ತು. ಕಳ್ದುಹೋಯ್ತದೆ ಅಂತ ಎತ್ತಿಟ್ಕಂಡಿದ್ದೆ.”

ನನ್ನ ಆಧಾರ್ ಕಾರ್ಡು. ಒಂದೂವರೆ ಗಂಟೆ ಐದು ಕಿಲೋ ಕಾಯಿಯ ಜೊತೆ ನಾನೇ ಹೊತ್ತು ತಿರುಗಿದ, ನಾಯಿ ಮೂಸಿದ ಚೀಲದ ಪಕ್ಕದ ಜೇಬಿನಲ್ಲಿತ್ತು. ಅದರಲ್ಲಿ ನನ್ನ ಮುಖಕ್ಕೆ ಸುಣ್ಣ ಮೆತ್ತಿತ್ತು.

ಅಲ್ಲಿಂದ ಮುಂದೆ ಮಾವನೇ ಗೈಡು, ನಾನು ಹಮಾಲಿ. ಕೆ.ಆರ್. ಸರ್ಕಲ್ ಕಡೆ ನಡೆಯುತ್ತಾ ಒಂದೊಂದೇ ಹೇಳತೊಡಗಿದರು. ಮುಂದಿನ ಮೆಟ್ಟಿಲು ನಲವತ್ತೈದು, ತಾವು ಎಣಿಸಿ ನೋಡಬೇಕು ಅಂದುಕೊಂಡಾಗ ಗುಂಪು ಮುಂದೆ ಹೋಗಿಬಿಟ್ಟಿತಂತೆ. ಆ ಮೆಟ್ಟಿಲ ಮೇಲಿನ ಕಂಬಗಳು ಹನ್ನೆರಡು, ಒಂದೊಂದೂ ನಲವತ್ತು ಅಡಿ. ನಡುವಿನ ಗುಮ್ಮಟದ ಅಡ್ಡಳತೆ ಅರವತ್ತು ಅಡಿ. ಮಂತ್ರಿಮಂಡಲದ ಕೋಣೆಗೆ ಗಂಧದ ಮರದ ಬಾಗಿಲು. “ಐದು ಸಾವ್ರ ಜನ ಕೈದಿಗ್ಳು ದುಡುದ್ರಂತೆ ಕಣ್ಲಾ. ಕೆಲ್ಸ ಆದ್ಮೇಲೆ ಅವ್ರನ್ನ ಬಿಟ್ರಂತೆ. ಅಂದ್ರೆ ಕಟ್ಟಿದೋರು ಜೈಲಿಂದ ಈಚೆ ಬಂದ್ರು. ಆಮೇಲೆ ಅದ್ರೊಳಕ್ಕೆ ಹೋದೋರು...” ಅಂತ ಅರ್ಧಕ್ಕೇ ನಿಲ್ಲಿಸಿ, ಹಿಂದೆ ತಿರುಗಿ ಪೊಲೀಸಿನವರು ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಎಲೆಗೆ ಸುಣ್ಣ ಹಚ್ಚಿದರು.

“ಎಲ್ಲಾ ಸೇರಿ ಖರ್ಚು ಎಷ್ಟು ಗೊತ್ತಾ?”

ಗೊತ್ತಿತ್ತು. ಓದಿದ್ದೆ. ಆದರೂ ಕೇಳಿದೆ, “ಎಷ್ಟು ಮಾವ?”

“ಒಂದೂಮುಕ್ಕಾಲು ಕೋಟಿ. ನಿಮ್ ಏರಿಯಾದಾಗೆ ಈಗ ಅದ್ಕೆ ಏನ್ ಬತ್ತದೆ?”

“ಮೂರು ಕೋಣೆ ಫ್ಲಾಟು.”

“ಗಂಧದ ಬಾಗ್ಲು ಹಾಕ್ಕೊಡ್ತಾರಾ?”

“ಇಲ್ಲ ಮಾವ. ಪಾರ್ಕಿಂಗೂ ಬೇರೆ ದುಡ್ಡು.”

ಎಂಜಿನಿಯರಿಂಗ್ ಕಾಲೇಜು ದಾಟಿ ಪೋಸ್ಟ್ ಆಫೀಸ್ ರಸ್ತೆಗೆ ತಿರುಗುವ ಹೊತ್ತಿಗೆ ಕೇಳಲೇಬೇಕಾದ್ದನ್ನು ಕೇಳಿದೆ. “ಮಾವ, ನಮ್ಮೂರ ಕಲ್ಲು ಸಿಕ್ತಾ?”

ಮಾವ ತಕ್ಷಣ ಉತ್ತರ ಕೊಡಲಿಲ್ಲ. “ಮೂರು ಕಡೆ ಅನ್ಮಾನ ಐತೆ” ಅಂದರು. ಗೋಡೆಯ ಬೂದು ಕಲ್ಲು ಮಲ್ಲಸಂದ್ರ, ಹೆಸರಘಟ್ಟದ ಕಡೆಯದು, ಗುಲಾಬಿಯದು ಮಾಗಡಿಯದು, ಇವೆರಡೂ ಇತ್ಯರ್ಥವಾಗಿದ್ದವು. ಕರಿಯದರಲ್ಲೇ ತೊಡಕು. ನಮ್ಮೂರ ಗಂಗಾಧರೇಶ್ವರನ ಗುಡಿಯ ಕರಿಕಲ್ಲಿನ ಬಸವ ಕನ್ನಡಿಯ ಹಾಗೆ ಹೊಳೆಯುತ್ತಾನೆ, ಎಣ್ಣೆ ಹಚ್ಚಿದ್ದಾರೇನೋ ಅನ್ನಿಸುವಷ್ಟು. ಮಾವನ ಕಣ್ಣಲ್ಲಿ ತುರುವೇಕೆರೆ ಕಲ್ಲು ಅಂದರೆ ಆ ಹೊಳಪು. “ಒಂದು ಕಡೆ ಅಂಗೈ ಇಟ್ಟು ನೋಡ್ದೆ. ತಣ್ಣಗಿತ್ತು. ನಮ್ಮೂರ್ದೇ ಇರ್ಬೇಕು” ಅಂದರು. ಎಲ್ಲಾ ಕಲ್ಲೂ ತಣ್ಣಗೇ ಇರುತ್ತದಲ್ಲ ಮಾವ ಅನ್ನೋಣವೆಂದು ಬಾಯಿ ತೆರೆದೆ. ಅದೇ ಹೊತ್ತಿಗೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು.

ನಾಯಿಯ ಹಿಂದೆ ಓಡಿದ್ದರ ಫಲ. ಭಾನುವಾರ, ಚಪ್ಪಲಿ ಹೊಲಿಯುವವರು ಒಬ್ಬರೂ ಕಾಣಲಿಲ್ಲ. ಕಾಲೆಳೆಯುತ್ತಾ ನಾಲ್ಕು ಹೆಜ್ಜೆ ಹಾಕಿದೆ. ಆಟೋ ಹಿಡಿಯೋಣ ಅಂದೆ. ಮಾವ “ಕೂತ್ಕಾ” ಅಂದು ಫುಟ್‌ಪಾತಿನ ಅಂಚಿನಲ್ಲಿ ತಾವೂ ಕೂತರು. ಚೀಲದಿಂದ ಒಂದು ಕಾಯಿ ತೆಗೆದರು, ಅದೇ ನಾಯಿ ಕಚ್ಚಿದ ಕಾಯಿ, ನಾನೇನೂ ಹೇಳಲಿಲ್ಲ. ಅದರ ಜುಟ್ಟನ್ನು ಹಿಡಿದು ಎಳೆದು, ನಾರನ್ನು ಎಳೆ ಎಳೆ ಬಿಡಿಸಿದರು. ಮೇಲಂಟಿದ ಪುಡಿ ಉದುರಿಸಿ, ಎಂಜಲು ಹಚ್ಚಿ, ಪಂಚೆ ಮೊಣಕಾಲಿನ ಮೇಲಕ್ಕೆ ಸರಿಸಿ, ತೊಡೆಯ ಮೇಲಿಟ್ಟು ಅಂಗೈಯಿಂದ ಒಂದೇ ಸಲ ಉಜ್ಜಿದರು. ಎರಡು ಎಳೆ ತಾವಾಗಿಯೇ ಒಂದಕ್ಕೊಂದು ಸುತ್ತಿಕೊಂಡು ಹುರಿಯಾದವು. ಮತ್ತೊಂದು ಹಿಡಿ ನಾರು ಸೇರಿಸಿ ಮತ್ತೆ ಉಜ್ಜಿದರು. ಐದು ನಿಮಿಷಕ್ಕೆ ಗೇಣುದ್ದ ಹಗ್ಗ. ಅದನ್ನು ಚಪ್ಪಲಿಯ ತೂತಿಗೆ ಪೋಣಿಸಿ, ಕೆಳಗೆ ಗಂಟು ಹಾಕಿ, ಗಂಟನ್ನು ಹಲ್ಲಿನಿಂದ ಬಿಗಿ ಮಾಡಲು ಹೊರಟವರು ನನ್ನ ಚಪ್ಪಲಿ ನೋಡಿ ಮನಸ್ಸು ಬದಲಾಯಿಸಿ, “ನೀನೇ ಎಳ್ಕಾ” ಅಂದರು.

ಹಾದುಹೋಗುತ್ತಿದ್ದ ಇಬ್ಬರು ಹುಡುಗಿಯರು ನಿಂತು ವಿಡಿಯೋ ಮಾಡಿಕೊಂಡರು. ಆ ವಿಡಿಯೋದಲ್ಲಿ ನನ್ನ ಕಾಲು ಮಾತ್ರ ಇದೆ ಎಂದು ನಂಬಿದ್ದೇನೆ.

ನಾರಿನ ಉಂಗುಷ್ಟ ಹೆಬ್ಬೆರಳ ಸಂದಿಗೆ ಚುಚ್ಚುತ್ತಿತ್ತು, ಆದರೆ ಅಲುಗಾಡಲಿಲ್ಲ. ಮೈಸೂರು ಬ್ಯಾಂಕ್ ಸರ್ಕಲ್ ದಾಟಿ ಅವೆನ್ಯೂ ರಸ್ತೆಗೆ ಬಂದೆವು. ಅಂಗಡಿಗಳ ಷಟರ್ ಎಳೆದಿತ್ತು, ಫುಟ್‌ಪಾತಿನ ತುಂಬ ಹಳೇ ಪುಸ್ತಕ. ನಾನು ಮೊಬೈಲ್ ಹಿಡಿದು ನಕ್ಷೆ ನೋಡುತ್ತಿದ್ದೆ, ಅದರ ನೀಲಿ ಚುಕ್ಕೆ ನಮ್ಮನ್ನು ಒಮ್ಮೆ ರೈಸ್ ಚರ್ಚಿನ ಒಳಗೆ, ಒಮ್ಮೆ ಯಾವುದೋ ಬಂಗಾರದ ಅಂಗಡಿಯ ಮೂರನೇ ಮಹಡಿಯಲ್ಲಿ ತೋರಿಸುತ್ತಿತ್ತು. ಮಾವ ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಾ ಹೋದರು. ಅವರ ಬಳಿ ಇದ್ದ ವಿಳಾಸ ಇಷ್ಟೇ: ಧರ್ಮರಾಯನ ಗುಡಿ ಬಿಟ್ಟು ಮುಂದೆ, ಎಡಕ್ಕೆ, ಹಸಿರು ಬಾಗಿಲು.

ಅವೆನ್ಯೂ ರಸ್ತೆ ಚಿಕ್ಕಪೇಟೆಯನ್ನು ಅಡ್ಡಹಾಯುವ ದೊಡ್ಡಪೇಟೆ ಚೌಕದಲ್ಲಿ ನಿಂತು, ಕೊನೆಗೂ ನನಗೊಂದು ಅವಕಾಶ ಸಿಕ್ಕಿತೆಂದು ಹೇಳಿದೆ: “ಮಾವ, 1537ರಲ್ಲಿ ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ದಿಕ್ಕಿಗೆ ನಾಲ್ಕು ಜೊತೆ ಎತ್ತು ಕಟ್ಟಿ ನೇಗಿಲು ಹೊಡೆಸಿದರು ಅಂತಾರೆ. ಎತ್ತು ಎಲ್ಲಿ ನಿಂತವೋ ಅಲ್ಲಿ ಊರಿನ ಬಾಗಿಲು.”

ಮಾವ ನಾಲ್ಕೂ ಕಡೆ ನೋಡಿದರು. ಒಂದು ಕಡೆಯಿಂದ ಬಟ್ಟೆ ಮೂಟೆ ಹೊತ್ತ ಸ್ಕೂಟರು, ಇನ್ನೊಂದು ಕಡೆಯಿಂದ ತಳ್ಳುಗಾಡಿ, ಮೂರನೇ ಕಡೆಯಿಂದ ಹಾರನ್ ಬಿಡದ ಆಟೋ, ನಾಲ್ಕನೇ ಕಡೆ ಒಂದು ಹಸು ಮಲಗಿ ಮೆಲುಕು ಹಾಕುತ್ತಿತ್ತು.

“ಈಗ ಆಗಿದ್ರೆ ಎತ್ತು ಇಲ್ಲೇ ನಿಲ್ತಿದ್ವು. ಊರು ಇಷ್ಟಗಲ ಆಗ್ತಿತ್ತು” ಅಂತ ಎರಡು ಕೈಯಲ್ಲಿ ಒಂದು ಮಂಕರಿಯ ಅಳತೆ ತೋರಿಸಿದರು.

ಹಸಿರು ಬಾಗಿಲು ಸಿಕ್ಕಿತು. ಬಾಗಿಲು ಮಾತ್ರ. ಅದರ ಹಿಂದೆ ಮನೆಯ ಬದಲು ಸ್ಟೀಲ್ ಪಾತ್ರೆಯ ಗೋಡೌನು. ಸ್ನೇಹಿತರು ಬಿಟ್ಟುಹೋಗಿ ಒಂಬತ್ತು ವರ್ಷವಾಯಿತು, ಮಗನ ಜೊತೆ ಇದ್ದಾರೆ ಅಂದರು ಪಕ್ಕದವರು.

“ಎಲ್ಲಿ?”

“ಹೆಸರಘಟ್ಟದ ಹತ್ತಿರ.”

ಮಾವ ನಕ್ಕರು. “ಅಲ್ಲಿಂದ ಕಲ್ಲು ಇಲ್ಲಿಗೆ ಬಂತು, ಇವ್ನು ಇಲ್ಲಿಂದ ಅಲ್ಲಿಗೋದ.” ಸ್ನೇಹಿತರ ನಂಬರು ಅವರ ಬಳಿ ಇತ್ತೇ ಅಂತ ಕೇಳಿದೆ. ಇತ್ತು. ತಿಂಗಳಿಗೊಮ್ಮೆ ಮಾತೂ ಆಡುತ್ತಿದ್ದರು. ಮನೆ ಎಲ್ಲಿ ಅಂತ ಯಾರೂ ಯಾರನ್ನೂ ಕೇಳಿರಲಿಲ್ಲ. ಎಂಟು ಕಾಯಿ ಮತ್ತೆ ನನ್ನ ಹೆಗಲೇರಿತು. ಒಂದಕ್ಕೆ ಈಗ ಜುಟ್ಟಿರಲಿಲ್ಲ.

ಒಂದು ಸಣ್ಣ ಹೋಟೆಲಿನಲ್ಲಿ ಊಟ ಆಯಿತು. ಮಾವ ಮುದ್ದೆ ಕೇಳಿದರು, ಇರಲಿಲ್ಲ. ಆ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಕೋಟೆಯ ಹತ್ತಿರ ಟಿಪ್ಪುವಿನ ಅರಮನೆಗೆ ಬರುವಾಗ ಬಿಸಿಲು ಇಳಿಯುತ್ತಿತ್ತು. ಹೈದರಾಲಿ 1781ರಲ್ಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ್ದು. ಹದಿನೆಂಟು ಕಚೇರಿಗಳ ಕಡತಗಳು ಇಲ್ಲಿಂದಲೇ ಆ ಕೆಂಪು ಕಟ್ಟಡಕ್ಕೆ ಹೋದದ್ದು, ನಾವು ಕಡತಗಳ ದಾರಿಯಲ್ಲೇ ಹಿಂದಕ್ಕೆ ನಡೆದು ಬಂದಿದ್ದೇವೆ ಅಂತ ಮಾವನಿಗೆ ವಿವರಿಸಿದೆ. ಈ ಸಲ ಆಧಾರ್ ಕಾರ್ಡನ್ನು ಮೊದಲೇ ಕೈಯಲ್ಲಿ ಹಿಡಿದಿದ್ದೆ. ಯಾರೂ ಕೇಳಲಿಲ್ಲ. ನಾನಾಗಿಯೇ ತೋರಿಸಿದೆ. “ಬೇಡ ಸಾರ್, ಟಿಕೆಟ್ ಸಾಕು” ಅಂದರು.

ಮಾವ ಒಳಗೆ ಒಂದು ಸುತ್ತು ಹಾಕಿದರು. ತೇಗದ ಕಂಬಗಳನ್ನು, ಮೇಲಿನ ಕಮಾನುಗಳನ್ನು, ಮಾಸಿದ ಬಣ್ಣದ ಹೂಬಳ್ಳಿಗಳನ್ನು ನೋಡಿದರು. “ಚೆನ್ನಾಗೈತೆ. ಆದ್ರೆ ಎಲ್ಲಾ ಮರ” ಅಂದರು, ಸಂಬಂಧಕ್ಕೆ ಹೋಗಿ ಹುಡುಗ ಒಳ್ಳೆಯವನು ಆದರೆ ನೀರಾವರಿ ಜಮೀನಿಲ್ಲ ಅನ್ನುವ ಹಾಗೆ. ಆಮೇಲೆ ಬಗ್ಗಿ ಕಂಬದ ಬುಡ ನೋಡಿ, “ಕೆಳಗೆ ಕಲ್ಲೇ ಕೊಟ್ಟವ್ರೆ” ಅಂತ ಸಮಾಧಾನಪಟ್ಟುಕೊಂಡರು.

ಅಲ್ಲಿಗೆ ಮುಗಿಯಿತು, ಮನೆಗೆ ಹೋಗೋಣ ಅಂದೆ. ನನ್ನ ಹೆಬ್ಬೆರಳು ಉರಿಯುತ್ತಿತ್ತು. ಮಾವ ಕೇಳಲಿಲ್ಲ. ಭಾನುವಾರ ಸಂಜೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ ಅಂತ ಆ ಪೊಲೀಸಿನವರು ಹೇಳಿದ್ದರಂತೆ. “ದೀಪದ ಬೆಳಕ್ನಾಗೆ ಕರಿಕಲ್ಲು ಹೊಳೀಬೇಕು. ಹೊಳೆದ್ರೆ ನಮ್ದು, ಇಲ್ದಿದ್ರೆ ಅಲ್ಲ. ಅಲ್ಲೇ ತೀರ್ಮಾನ ಆಗೋಗ್ಲಿ.”

ಆಟೋದವರು “ವಿಧಾನಸೌಧನಾ? ಭಾನುವಾರ ಅಲ್ಲಿ ಯಾರಿರ್ತಾರೆ ಸಾರ್?” ಅಂದರು. ಮಾವ “ನಮ್ಮಪ್ಪನ ಕಲ್ಲೈತೆ” ಅಂದರು. ಆಟೋದವರು ಕನ್ನಡಿಯಲ್ಲಿ ಮಾವನನ್ನು ಒಮ್ಮೆ ನೋಡಿ, ಏನರ್ಥವಾಯಿತೋ, ಮೀಟರ್ ಹಾಕಿದರು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಕೇಳದೆ ಮೀಟರ್ ಹಾಕಿದ್ದು ಅದೇ ಮೊದಲು.

ಅಲ್ಲಿ ಜಾತ್ರೆಯಷ್ಟು ಜನ. ಬೇಲಿಯುದ್ದಕ್ಕೂ ಮೊಬೈಲುಗಳು, ಹೆಗಲ ಮೇಲೆ ಕೂತ ಮಕ್ಕಳು, ಬೇಲ್‌ಪುರಿಯ ವಾಸನೆ. ನಾವು ಕಾಯಿ ಚೀಲವನ್ನು ನಡುವೆ ಇಟ್ಟುಕೊಂಡು ಪೂರ್ವದ ಮೆಟ್ಟಿಲುಗಳ ಎದುರಿಗೆ ರಸ್ತೆ ಈಚೆ ನಿಂತೆವು. ‘ಸರ್ಕಾರದ ಕೆಲಸ ದೇವರ ಕೆಲಸ’ ಅನ್ನುವ ಅಕ್ಷರಗಳನ್ನು ಮಾವ ನಿಧಾನವಾಗಿ ಗಟ್ಟಿಯಾಗಿ ಓದಿದರು. ಕತ್ತಲಾಯಿತು. ಒಮ್ಮೆಲೇ ದೀಪ ಹೊತ್ತಿತು, ಜನ ‘ಓ’ ಅಂದರು. ಕಟ್ಟಡ ಮೊದಲು ಹೊನ್ನಿನ ಬಣ್ಣಕ್ಕೆ ಬಂತು, ನೋಡನೋಡುತ್ತಿದ್ದಂತೆ ನೇರಳೆಯಾಯಿತು, ಆಮೇಲೆ ಹಸಿರು, ಆಮೇಲೆ ಕೇಸರಿ. ಗೋಡೆ, ಕಂಬ, ಗುಮ್ಮಟ, ಮಾಗಡಿ, ಮಲ್ಲಸಂದ್ರ, ತುರುವೇಕೆರೆ, ಎಲ್ಲವೂ ಒಂದೇ ಬಣ್ಣ.

ಮಾವ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಎರಡು ಹೆಜ್ಜೆ ಎಡಕ್ಕೆ ಹೋಗಿ ನೋಡಿದರು. ಬಲಕ್ಕೆ ಬಂದು ನೋಡಿದರು.

“ಥೂ,” ಅಂದರು ಕೊನೆಗೆ, “ದೀಪ ಆರ್ಸಕ್ಕೆ ಯಾರಿಗ್ ಹೇಳ್ಬೇಕ್ಲಾ ಇಲ್ಲಿ?”